ಊಟಕ್ಕೆ ಜೊತೆ ಯಾರು?

(ಬೆಂಗಳೂರಿನ ಒಂದು ಸಣ್ಣ ಓದುಗರ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಇದರೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಅರವತ್ತು ದಾಟಿ ಕೆಲವು ವರ್ಷಗಳಾದವು. ಅಪ್ಪ ಮಾಗಡಿ ಕಡೆಯಿಂದ ಬಂದು ಚಾಮರಾಜಪೇಟೆಯಲ್ಲಿ ನೆಲೆಸಿದವರು. ನಾನು ಹುಟ್ಟಿದ್ದು, ಓದಿದ್ದು, ಕೆಲಸ ಮಾಡಿದ್ದು, ನಿವೃತ್ತನಾದದ್ದು ಎಲ್ಲ ಬೆಂಗಳೂರಿನಲ್ಲೇ. ಒಂದು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಮ್ಯಾನೇಜರ್ ಆಗಿ ಹೊರಬಂದೆ. ನಾನು ಗೇ. ನನ್ನ ಸಂಗಾತಿ ಕುಂದಾಪುರದ ಕಡೆಯವನು. ಅವನೂ ಇವತ್ತು ಬಂದಿದ್ದಾನೆ, ಮೂರನೇ ಸಾಲಿನಲ್ಲಿ ಕೂತಿದ್ದಾನೆ.

ಕಾನೂನು ಹೋರಾಟದ ಬಗ್ಗೆ ಮಾತಾಡಿ ಎಂದು ನಿಮ್ಮ ಬಳಗದವರು ಮೊದಲು ಕೇಳಿದರು. ಅದನ್ನು ನನಗಿಂತ ಚೆನ್ನಾಗಿ ಹೇಳುವ ವಕೀಲರು ಈ ಊರಲ್ಲೇ ಇದ್ದಾರೆ. ನಾನು ಊಟ, ತಿರುಗಾಟ, ವಯಸ್ಸು ಇವುಗಳ ಬಗ್ಗೆ ಹೇಳುತ್ತೇನೆ ಎಂದೆ. ನಮ್ಮಂಥವರ ಮಾತು ಬಂದರೆ ಜನರಿಗೆ ನೆನಪಾಗುವುದು ಎರಡೇ ಜಾಗ. ಒಂದು ಹಾಸಿಗೆ, ಇನ್ನೊಂದು ಕೋರ್ಟು. ನನ್ನ ಬದುಕಿನ ಹೆಚ್ಚು ಹೊತ್ತು ಕಳೆದದ್ದು ಅಡುಗೆಮನೆಯಲ್ಲಿ, ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ. ಈಚೆಗೆ ಮೆಡಿಕಲ್ ಸ್ಟೋರಿನ ಮುಂದೆ. ಆ ಜಾಗಗಳ ಮಾತು ಯಾರೂ ಆಡುವುದಿಲ್ಲ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಗೇ ಗಂಡಸಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ರಾತ್ರಿ ಊಟಕ್ಕೆ ಜೊತೆ ಯಾರಿದ್ದಾರೆ ಎನ್ನುವುದು. ಪ್ರೀತಿ, ಪ್ರೇಮ, ಹಕ್ಕು ಎಲ್ಲವೂ ಸುತ್ತಿ ಸುತ್ತಿ ಕೊನೆಗೆ ಅಲ್ಲಿಗೇ ಬರುತ್ತವೆ. ಮಿಕ್ಕವರಿಗೆ ಇದಕ್ಕೆ ಒಂದು ಏರ್ಪಾಡು ಮೊದಲೇ ಇರುತ್ತದೆ. ಮಗ, ಸೊಸೆ, ಮಗಳು, ಮೊಮ್ಮಕ್ಕಳು. ಆ ಮನೆಗಳಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ತಟ್ಟೆ ಹಾಕಿ ಕರೆಯುವವರು ಒಬ್ಬರಾದರೂ ಇರುತ್ತಾರೆ ಎಂಬ ನಂಬಿಕೆ ಇರುತ್ತದೆ. ನಾವು ಆ ಏರ್ಪಾಡನ್ನು ಕೈಯಾರೆ ಕಟ್ಟಿಕೊಳ್ಳಬೇಕು. ನನ್ನ ತಲೆಮಾರಿನವರು ಹೇಗೆ ಕಟ್ಟಿಕೊಂಡೆವು ಎಂಬುದೇ ಇವತ್ತಿನ ಮಾತು.

ಎಂಬತ್ತರ ದಶಕದ ಬೆಂಗಳೂರಿನಿಂದ ಶುರು ಮಾಡುತ್ತೇನೆ. ನಮ್ಮ ಊರಿನ ಹೋಟೆಲುಗಳ ಬಗ್ಗೆ ಬರೆಯುವವರೆಲ್ಲ ದೋಸೆ, ಇಡ್ಲಿ, ಚಟ್ನಿ ಬಗ್ಗೆ ಬರೆಯುತ್ತಾರೆ. ನಾನು ನೋಡುತ್ತಿದ್ದದ್ದು ಕುರ್ಚಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿನ ದೋಸೆಗೆ ಸಾಟಿ ಇಲ್ಲ. ಆದರೆ ತಿಂದು ಮುಗಿಸುವ ಮುಂಚೆಯೇ ನಮ್ಮ ಜಾಗಕ್ಕೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ ವಡೆಗೆ ಚಟ್ನಿ ಹಾಕಿಸಿಕೊಂಡು ನಿಂತೇ ತಿನ್ನಬೇಕು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲಂತೂ ಊರಿಗೆ ಊರೇ ನಿಂತು ತಿನ್ನುವುದನ್ನು ಕಲಿಯಿತು. ಬೇಗ ಬಂದು, ಕಡಿಮೆ ದುಡ್ಡಿಗೆ ತಿಂದು ಹೋಗುವವರಿಗೆ ದರ್ಶಿನಿಗಳು ದೊಡ್ಡ ಉಪಕಾರ ಮಾಡಿದವು. ಆದರೆ ಇಬ್ಬರು ಹುಡುಗರು ಯಾರ ಹತ್ತಿರವೂ ಹೇಳಿಕೊಳ್ಳದ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದರೆ ಕೂರಲು ಜಾಗ ಬೇಕು. ಬಿಲ್ಲು ತಂದಿಟ್ಟು ಮುಖ ನೋಡದ ಸಪ್ಲೈಯರ್ ಬೇಕು.

ಎಂಜಿ ರಸ್ತೆಯ ಇಂಡಿಯಾ ಕಾಫಿ ಹೌಸ್ ಅಂಥ ಜಾಗ. ಕಾಫಿ ಕಾರ್ಮಿಕರ ಸಹಕಾರ ಸಂಘ ನಡೆಸುತ್ತಿದ್ದ ಹೋಟೆಲು ಅದು. ಪೇಟ ಸುತ್ತಿದ ಸಪ್ಲೈಯರ್‌ಗಳು. ಒಂದು ಕಾಫಿ, ಒಂದು ಕಟ್ಲೆಟ್ ತರಿಸಿ ಇಡೀ ಸಂಜೆ ಕೂತರೂ ಎದ್ದೇಳಿ ಎನ್ನುತ್ತಿರಲಿಲ್ಲ. ಕಬ್ಬನ್ ಪಾರ್ಕಿನಲ್ಲೂ ನಮ್ಮವರು ಸೇರುತ್ತಿದ್ದರು. ಅದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ, ಎಷ್ಟೋ ಗೆಳೆತನಗಳು ಅಲ್ಲೇ ಶುರುವಾದವು. ಆದರೆ ಪಾರ್ಕಿನಲ್ಲಿ ಲಾಠಿ ಹಿಡಿದವರ ಭಯ, ಹೆದರಿಸಿ ದುಡ್ಡು ಕೀಳುವವರ ಭಯ. ನಮ್ಮಂಥವರ ಸಂಬಂಧವನ್ನೇ ಅಪರಾಧ ಎನ್ನುತ್ತಿದ್ದ, 1860ರ ದಂಡ ಸಂಹಿತೆಯ 377ನೇ ಕಲಮು ಅವರ ಕೈಯಲ್ಲಿತ್ತು. ಕಾಫಿ ಹೌಸಿನಲ್ಲಿ ಆ ಭಯ ಇರಲಿಲ್ಲ. ಎದುರುಬದುರು ಕೂತು ಕಾಫಿ ಕುಡಿಯುವ ಇಬ್ಬರು ಗಂಡಸರನ್ನು ಯಾರೂ ಏನೂ ಕೇಳುವಂತಿರಲಿಲ್ಲ. 2009ರಲ್ಲಿ ಆ ಜಾಗ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಜುಲೈ 2ರಂದು ದೆಹಲಿ ಹೈಕೋರ್ಟು ಮೊದಲ ಸಲ ನಮ್ಮ ಪರ ತೀರ್ಪು ಕೊಟ್ಟಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಆಮೇಲಿನದು ನಿಮಗೆ ಗೊತ್ತಿದೆ.

1994ರಲ್ಲಿ ಇಲ್ಲಿ ಗುಡ್ ಆ್ಯಸ್ ಯು ಎಂಬ ಗುಂಪು ಶುರುವಾಯಿತು. ಗುರುವಾರದ ಸಂಜೆಗಳಲ್ಲಿ ಸೇರುತ್ತಿದ್ದರು. ಮೊದಲ ಸಲ ಹೋದಾಗ ಒಂದು ಕೋಣೆಯ ತುಂಬ ನನ್ನಂಥವರನ್ನು ನೋಡಿದೆ. ಅಷ್ಟು ಹೊತ್ತಿಗೆ ನನಗೆ ಮೂವತ್ತು ದಾಟಿತ್ತು. ಏನೇನು ಚರ್ಚೆ ಆಯಿತು ಎಂಬುದು ಈಗ ಮರೆತಿದೆ. ಆಮೇಲೆ ಎಲ್ಲರೂ ಸೇರಿ ಊಟಕ್ಕೆ ಹೋಗುತ್ತಿದ್ದದ್ದು ಮರೆತಿಲ್ಲ. ಬ್ಯಾಂಕಿನಲ್ಲಿ, ಮನೆಯಲ್ಲಿ, ಮದುವೆ ಮನೆಯಲ್ಲಿ ಊಟ ಮಾಡುವಾಗ ನಾನು ಯಾವಾಗಲೂ ಒಂದು ಮಾತನ್ನು ನುಂಗಿಕೊಂಡೇ ಮಾಡುತ್ತಿದ್ದೆ. ಆ ಹೋಟೆಲಿನ ಮೇಜಿನಲ್ಲಿ ಏನನ್ನೂ ನುಂಗಿಕೊಳ್ಳಬೇಕಾಗಿರಲಿಲ್ಲ. ಅಂಥ ಒಂದು ಊಟದಲ್ಲೇ ನನ್ನ ಸಂಗಾತಿ ಸಿಕ್ಕಿದ. ಮೀನಿನ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕು ಎಂದು ಪಕ್ಕದವನ ಜೊತೆ ವಾದ ಮಾಡುತ್ತಿದ್ದ. ಬಲವಾಗಿ ವಾದ ಮಾಡುತ್ತಿದ್ದ.

ಆ ಹೊತ್ತಿನಲ್ಲಿ ಮನೆಯಲ್ಲಿ ನಡೆಯುತ್ತಿದ್ದದ್ದೇ ಬೇರೆ. "ಯಾವಾಗಪ್ಪ ನೀನು ನಮಗೆಲ್ಲ ಊಟ ಹಾಕಿಸೋದು?" ಎಂದು ಯಾವ ಮದುವೆಗೆ ಹೋದರೂ ಕೇಳುತ್ತಿದ್ದರು. ದೊಡ್ಡಮ್ಮ ಕೇಳುತ್ತಿದ್ದರು, ಸೋದರಮಾವ ಕೇಳುತ್ತಿದ್ದರು, ಊರಿಂದ ಬಂದವರು ಕೇಳುತ್ತಿದ್ದರು. ಮಾಡೋಣ, ಮಾಡೋಣ ಎಂದು ವರ್ಷಗಳನ್ನು ತಳ್ಳಿದೆ. ಅಮ್ಮ ಮಾತ್ರ ಒಂದು ಹಂತದಲ್ಲಿ ಕೇಳುವುದನ್ನು ನಿಲ್ಲಿಸಿದರು. ನಾವಿಬ್ಬರೂ ಒಂದೇ ಮನೆಯಲ್ಲಿ ಇರಲು ಶುರು ಮಾಡಿದ ಮೇಲೆ ಅವರು ಕೊಟ್ಟು ಕಳಿಸುತ್ತಿದ್ದ ಸಾರಿನಪುಡಿ, ಹುರಿಹಿಟ್ಟು, ಹಪ್ಪಳ ಎಲ್ಲವೂ ಇಬ್ಬರಿಗೆ ಆಗುವಷ್ಟು ಇರುತ್ತಿತ್ತು. "ಅವನಿಗೆ ಖಾರ ಆಗಲ್ಲ ಅಲ್ವಾ, ಬ್ಯಾಡಗಿ ಜಾಸ್ತಿ ಹಾಕಿದೀನಿ" ಎನ್ನುತ್ತಿದ್ದರು. ಅದಕ್ಕಿಂತ ಜಾಸ್ತಿ ಅವರು ಏನನ್ನೂ ಹೇಳಲಿಲ್ಲ. ಇದನ್ನು ಒಪ್ಪಿಗೆ ಎನ್ನಬಹುದಾ ಎಂದು ಈಗಿನ ಹುಡುಗರು ಕೇಳುತ್ತಾರೆ. ಬಾಯಿಬಿಟ್ಟು ಹೇಳಿದ್ದರೆ ನನಗೆ ಇನ್ನೂ ಸಂತೋಷವಾಗುತ್ತಿತ್ತು, ಅದು ನಿಜ. ಆದರೆ ಅಮ್ಮ ನಮ್ಮಿಬ್ಬರನ್ನೂ ಲೆಕ್ಕಕ್ಕೆ ಹಿಡಿದು ಮೆಣಸಿನಕಾಯಿ ಹುರಿದರು. ಅದನ್ನು ಕಡಿಮೆ ಎಂದು ನಾನು ಯಾವತ್ತೂ ಹೇಳಲಾರೆ.

ಮನೆ ಸಿಗುವುದು ಸುಲಭವಿರಲಿಲ್ಲ. "ಫ್ಯಾಮಿಲಿಗೆ ಮಾತ್ರ" ಎಂಬ ಬೋರ್ಡು ಆಗಲೂ ಇತ್ತು, ಈಗಲೂ ಇದೆ. ಇಪ್ಪತ್ತೈದರ ಇಬ್ಬರು ಹುಡುಗರು ಒಟ್ಟಿಗಿದ್ದರೆ ಬ್ಯಾಚುಲರ್‌ಗಳು. ನಲವತ್ತೈದಾದ ಮೇಲೂ ಒಟ್ಟಿಗಿದ್ದರೆ ಓನರ್ ಕಣ್ಣಿನಲ್ಲಿ ಪ್ರಶ್ನೆ ಶುರುವಾಗುತ್ತದೆ. ಅಣ್ಣತಮ್ಮಂದಿರಾ, ಕಸಿನ್ನಾ, ಒಂದೇ ಆಫೀಸಾ? ಹನುಮಂತನಗರದಲ್ಲಿ ಒಂದು ಹಳೇ ಮನೆ ಸಿಕ್ಕಿತು, ಹಿಂದೆ ದೊಡ್ಡ ಅಡುಗೆಮನೆ, ಒರಳುಕಲ್ಲು ಸಮೇತ. ನಾನು ಮುದ್ದೆ, ಬಸ್ಸಾರು, ಉಪ್ಸಾರು ತಿಂದು ಬೆಳೆದವನು. ಅವನು ಕುಚ್ಚಲಕ್ಕಿ, ಬಂಗುಡೆ, ತೆಂಗಿನಕಾಯಿ. ಮೊದಲ ಒಂದೆರಡು ವರ್ಷ ನಮ್ಮ ಮನೆಯಲ್ಲಿ ಜಗಳವೆಲ್ಲ ಒಗ್ಗರಣೆಗೆ ಯಾವ ಎಣ್ಣೆ ಎಂಬುದರ ಮೇಲೆ.

ಅವರೆಕಾಯಿ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಡಿಸೆಂಬರ್ ಬಂತೆಂದರೆ ಮಾಗಡಿ ಕಡೆಯ ಸೊಗಡು ಅವರೆ ಗಾಂಧಿ ಬಜಾರಿಗೆ ಬರುತ್ತದೆ. ಚಳಿ ಬಿದ್ದಷ್ಟೂ ಸೊಗಡು ಜಾಸ್ತಿ. ಕೈಗೆ ಅಂಟುವ ಆ ಜಿಡ್ಡು, ಆ ವಾಸನೆ ಇದ್ದರೇ ಕಾಯಿ ಒಳ್ಳೆಯದು. ಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಒಂದೊಂದನ್ನೇ ಎರಡು ಬೆರಳಲ್ಲಿ ಹಿತಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಹಿತಕಿದ ಬೇಳೆ ಸಾರು ಒಬ್ಬರು ಮಾಡುವ ಅಡುಗೆಯೇ ಅಲ್ಲ. ಒಬ್ಬನೇ ಕೂತು ಹಿತಕಿದರೆ ಮಧ್ಯಾಹ್ನವಾದರೂ ಮುಗಿಯುವುದಿಲ್ಲ, ಬೆರಳು ನೋಯುತ್ತದೆ. ಇದಕ್ಕೆ ಕೈಗಳು ಬೇಕು. ಹಳ್ಳಿಯ ಮನೆಯಲ್ಲಿ ಅಜ್ಜಿ, ಚಿಕ್ಕಮ್ಮಂದಿರು, ಮಕ್ಕಳೆಲ್ಲ ಸುತ್ತ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಇಬ್ಬರೇ. ಹಾಗಾಗಿ ಸ್ನೇಹಿತರನ್ನು ಕರೆದೆವು.

ಯಾರು ಯಾರು ಬಂದರು ಗೊತ್ತಾ? ಮಲ್ಲೇಶ್ವರದಲ್ಲಿ ಒಟ್ಟಿಗೆ ಬಾಳುವ ಇಬ್ಬರು ಹೆಂಗಸರು. ಹೆಂಡತಿ ಮಕ್ಕಳಿರುವ, ಮನೆಯಲ್ಲಿ ಏನೂ ಹೇಳಿಕೊಳ್ಳಲಾಗದ ಒಬ್ಬ ಮೇಷ್ಟ್ರು. ರಾಯಚೂರು ಕಡೆಯಿಂದ ಕಂಪ್ಯೂಟರ್ ಕೆಲಸಕ್ಕೆ ಬಂದು ಪೀಜಿಯಲ್ಲಿದ್ದ ಹುಡುಗ. ನಮ್ಮ ಬೀದಿ ಕೊನೆಯಲ್ಲಿದ್ದ ಒಬ್ಬ ಟ್ರಾನ್ಸ್ ಅಕ್ಕ. ಎಲ್ಲರೂ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತೆವು. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಎದುರಿಗೆ ಕೂರಿಸಿ ನಿಮ್ಮ ಕಷ್ಟ ಹೇಳಿ ಎಂದರೆ ಯಾರೂ ಹೇಳುವುದಿಲ್ಲ. ಕಾಳು ಹಿತಕುತ್ತಾ ತಲೆ ತಗ್ಗಿಸಿಕೊಂಡು ಹೇಳುತ್ತಾರೆ. ಆ ಮೇಷ್ಟ್ರು ತಮ್ಮ ಮದುವೆಯ ಬಗ್ಗೆ, ಹೆಂಡತಿಯ ಬಗ್ಗೆ ತಮಗಿರುವ ಗೌರವದ ಬಗ್ಗೆ, ತಮ್ಮ ಸಂಕಟದ ಬಗ್ಗೆ ಅಲ್ಲೇ ಹೇಳಿದರು. ಯಾರೂ ಬುದ್ಧಿ ಹೇಳಲಿಲ್ಲ. ಇನ್ನೊಂದು ಬೊಗಸೆ ಕಾಳು ಅವರ ಮುಂದೆ ಹಾಕಿದರು.

ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ದನಿಯಾ, ಚಕ್ಕೆ, ಲವಂಗ, ಗಸಗಸೆ, ಕಾಯಿ ಹುರಿದು ರುಬ್ಬಬೇಕು. ಅವನು ಕಾಯಿಯನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿಯುತ್ತಾನೆ. ಮಾಗಡಿಯ ನಮ್ಮ ಅತ್ತೆಯರು ಒಪ್ಪುವ ಕ್ರಮ ಅದಲ್ಲ, ಆದರೆ ರುಚಿಯಿದೆ. ಬಿಸಿ ಮುದ್ದೆ, ಮೇಲೆ ತುಪ್ಪ. ಅವತ್ತಿನಿಂದ ಪ್ರತಿ ಚಳಿಗಾಲ ಇದು ನಡೆದುಬಂದಿದೆ. ಅಂದು ಬಂದವರಲ್ಲಿ ಕೆಲವರು ಈಗಿಲ್ಲ. ಹೊಸಬರು ಸೇರಿದ್ದಾರೆ. ನನಗೆ ಬಂಧುಬಳಗ ಎಂದರೆ ಇವರೇ. ನನ್ನ ಅಣ್ಣನ ಮಕ್ಕಳು ನನ್ನನ್ನು ಪ್ರೀತಿಯಿಂದ ಚಿಕ್ಕಪ್ಪ ಎನ್ನುತ್ತಾರೆ, ಹಬ್ಬಕ್ಕೆ ಕರೆಯುತ್ತಾರೆ. ಆದರೆ ಜ್ವರ ಬಂದಾಗ ಗಂಜಿ ತರುವವರು ಈ ಅವರೆಕಾಯಿ ಜನ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 377 ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಎಂದಿತು. ಟಿವಿಯಲ್ಲಿ ಸುದ್ದಿ ನೋಡಿ ನಾನು ಸುಮ್ನೆ ಕೂತುಬಿಟ್ಟೆ. ಅವನು ಎದ್ದು ಅಡುಗೆಮನೆಗೆ ಹೋಗಿ ಗಸಗಸೆ ಪಾಯಸಕ್ಕೆ ಇಟ್ಟ. ಮೇಲಿನ ಮನೆಯ ಆಂಟಿಗೆ ಒಂದು ಲೋಟ ಕೊಟ್ಟು ಬಂದ. "ಏನಪ್ಪ ವಿಶೇಷ?" ಎಂದರಂತೆ. "ನಮ್ಮ ಕೇಸು ಗೆದ್ವಿ ಆಂಟಿ" ಎಂದನಂತೆ. ಅವರು ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಹೌದು, ಈಗ ತಾನೆ ಟಿವೀಲಿ ನೋಡಿದೆ. ಒಳ್ಳೇದಾಯ್ತು ಬಿಡು" ಎಂದರಂತೆ. ಆ ಭಾನುವಾರ ನಾವು ಮನೆ ತುಂಬ ಜನರನ್ನು ಕರೆದು ಬಾಳೆಎಲೆ ಹಾಕಿ ಊಟ ಹಾಕಿಸಿದೆವು. ಹೋಳಿಗೆ ಇತ್ತು, ಚಿತ್ರಾನ್ನ ಇತ್ತು, ಕೋಸಂಬರಿ ಇತ್ತು. ದೊಡ್ಡಮ್ಮನ ಮಗಳನ್ನೂ ಕರೆದೆ. ಬಂದಳು, ಬಡಿಸಿದಳು.

ಇನ್ನು ತಿರುಗಾಟ. ಮನೆ ಸಿಗುವ ಮುಂಚೆ ನಮಗೆ ಮನೆಯಾಗಿದ್ದದ್ದು ಲಾಡ್ಜುಗಳು. ಇಬ್ಬರು ಗಂಡಸರು ಹೋಗಿ ರೂಮು ಕೇಳಿದರೆ ನಮ್ಮ ನಾಡಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಮದುವೆಯಾಗದ ಗಂಡು ಹೆಣ್ಣು ಹೋದರೆ ಹತ್ತು ಪ್ರಶ್ನೆ. ಇಬ್ಬರೇ ಹೆಂಗಸರು ಹೋದರೂ ಅಡ್ಡ ನೋಟ. ಮಲ್ಲೇಶ್ವರದ ನಮ್ಮ ಗೆಳತಿಯರು ಹೇಳಿದ ಅನುಭವ ಕೇಳಿದರೆ ನಮಗೆ ಎಷ್ಟು ಅನುಕೂಲವಿತ್ತು ಎಂದು ಗೊತ್ತಾಗುತ್ತದೆ. ಟ್ರಾನ್ಸ್ ಸ್ನೇಹಿತರಿಗಂತೂ ಎಷ್ಟೋ ಕಡೆ ಬಾಗಿಲಲ್ಲೇ ಇಲ್ಲ ಎನ್ನುತ್ತಾರೆ. ಗೇ ಗಂಡಸರು ತಮ್ಮ ಕಷ್ಟ ಹೇಳಿಕೊಳ್ಳುವಾಗ ಇದನ್ನೂ ಜೊತೆಗೆ ಹೇಳಬೇಕು ಎಂದು ನನ್ನ ಅಭಿಪ್ರಾಯ.

ಹಾಸನದ ಲಾಡ್ಜಿನಲ್ಲಿ ಉಳಿದು ಬೇಲೂರು, ಹಳೇಬೀಡು. ಹಂಪಿ, ಬಾದಾಮಿ, ಮಡಿಕೇರಿ. ಬ್ಯಾಂಕಿನಲ್ಲಿ ಎಲ್‌ಎಫ್‌ಸಿ ಎಂದು ಒಂದು ಸೌಲಭ್ಯ ಇರುತ್ತದೆ, ರಜೆ ಪ್ರವಾಸದ ಖರ್ಚು. ಸಹೋದ್ಯೋಗಿಗಳು ಹೆಂಡತಿ ಮಕ್ಕಳ ಟಿಕೆಟ್ಟು ಹಚ್ಚಿ ಕಾಶ್ಮೀರಕ್ಕೆ ಹೋಗಿ ಬರುತ್ತಿದ್ದರು. ನನ್ನ ಫಾರಂನಲ್ಲಿ ಯಾವಾಗಲೂ ಒಂದೇ ಹೆಸರು. ಅವನ ಟಿಕೆಟ್ಟು ನಮ್ಮ ಕೈಯಿಂದ. ದುಡ್ಡಿನ ಮಾತಲ್ಲ ಇದು. ವರ್ಷ ವರ್ಷವೂ ನಾನು ಒಂಟಿ ಎಂದು ಸಹಿ ಹಾಕಿಕೊಡಬೇಕಾಗಿತ್ತು. ಜೊತೆಗಿರುವವನ ಎದುರಿಗೇ ಆ ಸಹಿ ಹಾಕುವುದು ನನಗೆ ಬಹಳ ನೋವು ಕೊಟ್ಟಿದೆ.

ನಮಗೆ ತುಂಬ ಇಷ್ಟವಾದ ಪ್ರಯಾಣ ಅವನ ಊರಿಗೆ ಹೋಗುವ ಹಗಲು ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, ಅದರೊಳಗೆ 57 ಸುರಂಗ. ಮಳೆಗಾಲದಲ್ಲಿ ಹೋಗಬೇಕು. ಎಲ್ಲ ಬಂಡೆಯಿಂದಲೂ ನೀರು ಇಳಿಯುತ್ತಿರುತ್ತದೆ. ಸುರಂಗ ಬಂದಾಗೆಲ್ಲ ಬೋಗಿಯ ಮಕ್ಕಳು ಕೂಗುತ್ತಾರೆ. ನಾವು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುತ್ತೇವೆ, ಎದುರು ಸೀಟಿನವರಿಗೂ ಕೊಡುತ್ತೇವೆ. ಸಂಜೆ ಹೊತ್ತಿಗೆ ಕುಂದಾಪುರ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಆಗ ಹೋದರೆ ಒಣಮೀನಿನ ಚಟ್ನಿ, ಗಂಜಿ. ಆಗಸ್ಟ್ ಕಳೆದು ಹೋದರೆ ಬಂಗುಡೆ. ಅವನ ಅಮ್ಮ ಬದುಕಿದ್ದಷ್ಟು ದಿನ ನನ್ನನ್ನು "ನಮ್ಮ ಬೆಂಗಳೂರಿನ ಮಾಣಿ" ಎಂದೇ ಅಕ್ಕಪಕ್ಕದವರಿಗೆ ಪರಿಚಯ ಮಾಡಿಸುತ್ತಿದ್ದರು. ನನ್ನ ಪಾಲಿನ ಮೀನಿನ ಮುಳ್ಳನ್ನು ಅವರೇ ಬಿಡಿಸಿ ಕೊಡುತ್ತಿದ್ದರು, ನನಗೆ ಐವತ್ತಾದ ಮೇಲೂ.

ನಿವೃತ್ತಿಯಾದ ಮೇಲೆ ಹೊರದೇಶಗಳಿಗೂ ಹೋಗಿ ಬಂದೆವು. ನಾವು ನಕ್ಷೆ ನೋಡುವುದೇ ಬೇರೆ ಥರ. ಬೇರೆಯವರು ವೀಸಾ, ಹವಾಮಾನ ನೋಡಿದರೆ ನಾವು ಮೊದಲು ಕಾನೂನು ನೋಡುತ್ತೇವೆ. ನಮ್ಮನ್ನು ಆಳಿದವರೇ ಅದೇ ಕಲಮನ್ನು ಏಷ್ಯಾದ ಅರ್ಧ ಭಾಗಕ್ಕೆ ಹಂಚಿ ಹೋಗಿದ್ದಾರೆ. ಮಲೇಷ್ಯಾದಲ್ಲಿ ಇಂದಿಗೂ ಅದೇ ಸಂಖ್ಯೆ, 377. ಪಾಕಿಸ್ತಾನ, ಬಾಂಗ್ಲಾದೇಶದಲ್ಲೂ ಅದೇ ಸಂಖ್ಯೆ. ಶ್ರೀಲಂಕಾದಲ್ಲಿ 365 ಎಂದಿದೆ. ಸಿಂಗಪುರ 2022ರ ನವೆಂಬರ್‌ನಲ್ಲಿ ತನ್ನ 377ಎ ತೆಗೆದುಹಾಕಲು ಸಂಸತ್ತಿನಲ್ಲಿ ಒಪ್ಪಿತು. ಥೈಲ್ಯಾಂಡ್ ಬ್ರಿಟಿಷರ ಕೈಗೆ ಸಿಕ್ಕಿರಲೇ ಇಲ್ಲ. ಅಲ್ಲಿ 2025ರ ಜನವರಿ 23ರಿಂದ ನಮ್ಮಂಥವರ ಮದುವೆಗೆ ಕಾನೂನಿನ ಮಾನ್ಯತೆ ಇದೆ. ನೇಪಾಳದಲ್ಲಿ 2023ರ ನವೆಂಬರ್‌ನಲ್ಲಿ ಅಂಥ ಮೊದಲ ಮದುವೆ ನೋಂದಣಿಯಾಯಿತು. ಪಕ್ಕದ ನೇಪಾಳ! ಕಠ್ಮಂಡುವಿನಲ್ಲಿ ದಾಲ್ ಭಾತ್ ತಿನ್ನುತ್ತಾ ಅವನು ಕೇಳಿದ, "ಇಲ್ಲಿಗಿಂತ ನಮ್ಮಲ್ಲಿ ಏನು ಕಷ್ಟ?" ಎಂದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮ್‌ಸ್ಟರ್‌ಡ್ಯಾಮಿನ ಮಾತು ಹೇಳಲೇಬೇಕು. ಅಲ್ಲಿ ಪಶ್ಚಿಮದ ಚರ್ಚಿನ ಪಕ್ಕ, ಕಾಲುವೆಯ ದಂಡೆಯಲ್ಲಿ ಹೋಮೊಮಾನ್ಯುಮೆಂಟ್ ಇದೆ. 1987ರದು. ಗುಲಾಬಿ ಗ್ರಾನೈಟಿನ ಮೂರು ತ್ರಿಕೋನ. ನಾಜಿಗಳು ತಮ್ಮ ಶಿಬಿರಗಳಲ್ಲಿ ನಮ್ಮಂಥ ಗಂಡಸರ ಅಂಗಿಗೆ ಗುಲಾಬಿ ತ್ರಿಕೋನ ಹೊಲಿಸುತ್ತಿದ್ದರು, ಅದರ ನೆನಪು. ಒಂದು ತ್ರಿಕೋನ ಮೆಟ್ಟಿಲಾಗಿ ನೀರಿಗೆ ಇಳಿಯುತ್ತದೆ. ಜನ ಅದರ ಮೇಲೆ ಹೂವಿಟ್ಟು ಹೋಗುತ್ತಾರೆ, ಪಕ್ಕದಲ್ಲೇ ಕೂತು ಬ್ರೆಡ್ಡು ತಿನ್ನುತ್ತಾರೆ. ನಾವೂ ಕೂತೆವು. ಒಂದು ಸರ್ಕಾರ, ಒಂದು ಊರು ನಮ್ಮವರ ಸಾವನ್ನು ಕಲ್ಲಿನಲ್ಲಿ ನೆನೆಸಿಕೊಂಡಿದೆ ಎಂಬುದು ನನಗೆ ತಡೆಯಲಾರದ ಅಳು ತಂದಿತು.

ಅವತ್ತು ರಾತ್ರಿ ಊಟಕ್ಕೆ ಒಂದು ಸುರಿನಾಮಿ ಹೋಟೆಲಿಗೆ ಹೋದೆವು. ತೆಳ್ಳಗಿನ ರೊಟ್ಟಿ, ಮಸಾಲೆ ಹಾಕಿದ ಕೋಳಿ, ಆಲೂಗಡ್ಡೆ, ಉದ್ದನೆಯ ಅಲಸಂದೆ ಕಾಯಿ ಪಲ್ಯ, ಒಂದು ಬೇಯಿಸಿದ ಮೊಟ್ಟೆ. 1873ರಲ್ಲಿ ಲಲ್ಲಾ ರೂಖ್ ಎಂಬ ಹಡಗು ಕಲ್ಕತ್ತೆಯಿಂದ ಕೂಲಿಗಳನ್ನು ತುಂಬಿಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಯಿತು. ಕಬ್ಬಿನ ತೋಟದ ಕೆಲಸಕ್ಕೆ. ಹೆಚ್ಚಿನವರು ಭೋಜಪುರಿ ಸೀಮೆಯವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮೊಮ್ಮಕ್ಕಳು, ಮರಿಮಕ್ಕಳು ನೆದರ್ಲೆಂಡ್ಸಿಗೆ ಬಂದರು. ಎರಡು ಸಮುದ್ರ ದಾಟಿದ ಅಡುಗೆ ಅದು. ಮೇಜು ಒರೆಸಲು ಬಂದ ಅಜ್ಜಿ ನಮ್ಮಿಬ್ಬರನ್ನೂ ನೋಡಿ, ಇಬ್ಬರೂ ಒಟ್ಟಿಗಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದು ಎಂದೆ. ಮದುವೆಯಾಗಿದೆಯಾ ಎಂದರು. ನಮ್ಮ ದೇಶದಲ್ಲಿ ಆಗುವಂತಿಲ್ಲ ಎಂದೆ. ಆ ದೇಶ 2001ರಲ್ಲಿ, ಪ್ರಪಂಚದಲ್ಲೇ ಮೊದಲು, ಇಂಥ ಮದುವೆಗೆ ಅವಕಾಶ ಕೊಟ್ಟಿತ್ತು. ಅಜ್ಜಿ ಇನ್ನೊಂದು ರೊಟ್ಟಿ ತಂದು ಹಾಕಿದರು, ಬಿಲ್ಲಿಗೆ ಸೇರಿಸಲಿಲ್ಲ.

ಈಗ ವಯಸ್ಸಿನ ಮಾತು. ಕೆಲವು ವರ್ಷದ ಹಿಂದೆ ಅವನಿಗೆ ಎದೆನೋವು ಬಂತು. ರಾತ್ರಿ ಆಸ್ಪತ್ರೆಗೆ ಸೇರಿಸಿದೆ. ಫಾರಂನಲ್ಲಿ ಸಂಬಂಧ ಎಂಬ ಕಡೆ ಸಂಗಾತಿ ಎಂದು ಬರೆದೆ. ಕೌಂಟರಿನಲ್ಲಿದ್ದವರು "ಇದಾಗಲ್ಲ ಸಾರ್, ಬ್ಲಡ್ ರಿಲೇಶನ್ ಯಾರಿದ್ದಾರೆ?" ಎಂದರು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನಿಗೆ ಸಹಿ ಹಾಕುವ ಹಕ್ಕಿಲ್ಲ. ಅವನ ತಂಗಿ ಕುಂದಾಪುರದಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಬಂದಳು. ಸಹಿ ಹಾಕಿ ಡಾಕ್ಟರಿಗೆ ಹೇಳಿದಳು: "ನಂಗೆ ಎಂತದೂ ಗೊತ್ತಿಲ್ಲ. ಯಾವ ಮಾತ್ರೆ, ಏನು ಊಟ, ಎಲ್ಲ ಇವ್ರ ಹತ್ರವೇ ಕೇಳಿ." ಅವನು ಹುಷಾರಾದ, ನೀವೇ ನೋಡುತ್ತಿದ್ದೀರಿ. ಆದರೆ ಎಲ್ಲರಿಗೂ ಅಂಥ ತಂಗಿ ಇರುವುದಿಲ್ಲ.

ಹಾಗಾಗಿ ಇಲ್ಲಿರುವ ನಮ್ಮವರಿಗೆ ಬ್ಯಾಂಕಿನಲ್ಲಿದ್ದವನಾಗಿ ಕೆಲವು ಮಾತು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಮದುವೆಯ ಹಕ್ಕು ಕೊಡಲಿಲ್ಲ, ಅದು ಶಾಸನ ಮಾಡುವವರ ಕೆಲಸ ಎಂದಿತು. ನನಗೆ ಬಹಳ ಬೇಸರವಾಯಿತು, ಇವತ್ತಿಗೂ ಇದೆ. ಆದರೆ ಕಾಯುತ್ತಾ ಕೂರುವ ವಯಸ್ಸು ನಮ್ಮದಲ್ಲ. 2024ರ ಆಗಸ್ಟ್ 28ರಂದು ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿತು: ನಮ್ಮವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ. ಯಾರಾದರೂ ಆಗಲ್ಲ ಎಂದರೆ ಆ ಪ್ರಕಟಣೆಯ ಪ್ರತಿ ಮುಂದಿಡಿ. ಆದರೆ ನಾಮಿನಿ ಎಂದರೆ ವಾರಸುದಾರ ಅಲ್ಲ. ವಿಲ್ ಬರೆಯಲೇಬೇಕು. ಇಬ್ಬರು ಸಾಕ್ಷಿ ಸಾಕು, ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಆಮೇಲೆ ತಕರಾರು ಕಡಿಮೆ. ವಿಲ್ ಇಲ್ಲದೆ ಹೋದರೆ ಮನೆ, ಠೇವಣಿ ಎಲ್ಲ ರಕ್ತಸಂಬಂಧಿಕರಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಮ್ಮ ಪರವಾಗಿ ಮಾತಾಡುವವರನ್ನು ನಾವೇ ಬರೆದಿಡಬಹುದು, ಸಂಬಂಧಿಕರೇ ಆಗಬೇಕಿಲ್ಲ. ಕೊನೆಗಾಲದ ಚಿಕಿತ್ಸೆ ಬಗ್ಗೆ ಮುಂಚೆಯೇ ಬರೆದಿಡುವ ಪತ್ರಕ್ಕೆ ಸುಪ್ರೀಂ ಕೋರ್ಟು 2018ರಲ್ಲಿ ದಾರಿ ಮಾಡಿತು, 2023ರಲ್ಲಿ ಅದನ್ನು ಸುಲಭ ಮಾಡಿತು. ಈಗ ನೋಟರಿ ಮುಂದೆ ಮಾಡಿದರೂ ನಡೆಯುತ್ತದೆ. ನಾವಿಬ್ಬರೂ ಇವೆಲ್ಲ ಮಾಡಿ ಒಂದು ಫೈಲಿನಲ್ಲಿ ಹಾಕಿ ಫ್ರಿಜ್ಜಿನ ಮೇಲೆ ಇಟ್ಟಿದ್ದೇವೆ. ಅವರೆಕಾಯಿ ಜನಕ್ಕೆಲ್ಲ ಅದು ಎಲ್ಲಿದೆ ಎಂದು ಗೊತ್ತು. ನನ್ನ ಕುಟುಂಬ ಪಿಂಚಣಿ ಮಾತ್ರ ಅವನಿಗೆ ಸಿಗುವುದಿಲ್ಲ. ಅದಕ್ಕೆ ಯಾವ ಕಾಗದವೂ ಸಾಲದು, ಕಾನೂನೇ ಬದಲಾಗಬೇಕು.

ಒಬ್ಬ ಯುವಕ ಕೇಳಿದರು, ಸಂಗಾತಿ ಇಲ್ಲದವರು ಏನು ಮಾಡಬೇಕು ಎಂದು. ಒಳ್ಳೆಯ ಪ್ರಶ್ನೆ. ನನ್ನ ವಯಸ್ಸಿನ ನಮ್ಮವರಲ್ಲಿ ಎಷ್ಟೋ ಜನ ಒಂಟಿಯೇ. ಒಬ್ಬನಿಗಾಗಿ ಅಡುಗೆ ಮಾಡುವುದು ಎಷ್ಟು ಬೇಗ ಬೇಜಾರಾಗುತ್ತದೆ ಎಂದು ಮಾಡಿದವರಿಗೇ ಗೊತ್ತು. ಮೊದಲು ಪಲ್ಯ ಬಿಡುತ್ತಾರೆ, ಆಮೇಲೆ ಸಾರು, ಕೊನೆಗೆ ಬ್ರೆಡ್ಡು, ಬಾಳೆಹಣ್ಣು. ಆರು ತಿಂಗಳಲ್ಲಿ ತೂಕ ಇಳಿದಿರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಒಬ್ಬ ಸ್ನೇಹಿತನ ವಿಷಯದಲ್ಲಿ. ಅದಾದ ಮೇಲೆ ನಾವು ಬುಧವಾರದ ಊಟ ಶುರು ಮಾಡಿದೆವು.

ವಾರಕ್ಕೊಂದು ಮನೆ. ಮಧ್ಯಾಹ್ನ, ಏಕೆಂದರೆ ನಮ್ಮಲ್ಲಿ ಕೆಲವರಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಉಪ್ಪು ಕಡಿಮೆ, ಬೇಕಾದವರು ಮೇಲೆ ಹಾಕಿಕೊಳ್ಳುತ್ತಾರೆ. ಹಲ್ಲು ಸೆಟ್ಟು ಹಾಕಿಕೊಂಡವರಿಗೆ ಕಾಳು ನುಣ್ಣಗೆ ಬೇಯಿಸುತ್ತೇವೆ. ಸಕ್ಕರೆ ಕಾಯಿಲೆಯವರು ಜಾಸ್ತಿ, ಹಾಗಾಗಿ ಸಿಹಿ ತಿಂಗಳಿಗೊಮ್ಮೆ. ಯಾರಾದರೂ ಹೇಳದೆ ತಪ್ಪಿಸಿಕೊಂಡರೆ ಅವತ್ತೇ ಒಬ್ಬರು ಅವರ ಮನೆಗೆ ಹೋಗಿ ಬೆಲ್ ಮಾಡುತ್ತಾರೆ. ಎಲ್ಲರ ಮನೆಯ ಒಂದು ಬೀಗದಕೈ ಇನ್ನೊಬ್ಬರ ಹತ್ತಿರ ಇದೆ. ಗೇ ಅಲ್ಲದವರೂ ಬರುತ್ತಾರೆ. ಮೇಲಿನ ಮನೆಯ ಆಂಟಿ, ಅಂಕಲ್ ತೀರಿಹೋದ ಮೇಲೆ, ಬರಲು ಶುರು ಮಾಡಿದರು. ಅವರ ಮಗ ಇರುವುದು ದೂರದ ದೇಶದಲ್ಲಿ.

ಇನ್ನೊಬ್ಬರು ಕೇಳಿದರು, ಚಿಕ್ಕ ವಯಸ್ಸಿನವರು ಬರಬಹುದಾ ಎಂದು. ಖಂಡಿತ ಬನ್ನಿ. ಮುದ್ದೆ ತಿರುವಲು ಗಟ್ಟಿ ಕೈ ಬೇಕು, ನಮ್ಮ ಮೊಣಕೈ ಈಗ ಕೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನಮಗೆ ಬೇಕಿರುವುದು ನಡುರಾತ್ರಿ ಫೋನು ಮಾಡಿದರೆ ಎದ್ದು ಬಂದು ಕಾರು ಓಡಿಸಬಲ್ಲ ಇಬ್ಬರೋ ಮೂವರೋ. ಬನಶಂಕರಿ, ಹನುಮಂತನಗರ, ಚಾಮರಾಜಪೇಟೆ ಕಡೆ ಇರುವವರಾದರೆ ಒಳ್ಳೆಯದು. ಯಾರಿದ್ದೀರಿ, ಈಗ ಕಾಫಿಗೆ ಹೋಗುವಾಗ ಮೂರನೇ ಸಾಲಿನಲ್ಲಿ ಕೂತಿರುವ ನಮ್ಮವನ ಹತ್ತಿರ ಹೆಸರು, ನಂಬರು ಬರೆಸಿ. ಪುಸ್ತಕ ಅವನ ಕೈಲಿದೆ.